ನಮ್ಮ ಸೆಕ್ರೆಟರಿ ಕ್ರಿಶ್ಚಿಯನ್ ಆದದ್ದು

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಸೆಕ್ರೆಟರಿ. ಹೌಸಿಂಗ್ ಸೊಸೈಟಿಯ ಆ ಹುದ್ದೆಗೆ ಬೇರೆ ಯಾರೂ ನಿಲ್ಲುತ್ತಿರಲಿಲ್ಲವಾದ್ದರಿಂದ ಪ್ರತಿ ಸಲವೂ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು. ಪ್ರತಿ ಸಲವೂ ಭಾರೀ ಪೈಪೋಟಿಯಲ್ಲಿ ಗೆದ್ದವರ ಹಾಗೆ ಮನೆ ಮನೆಗೆ ಪೇಡೆ ಹಂಚುತ್ತಿದ್ದರು. ಕೆಲಸ ಬಿಟ್ಟು, ಊರು ಬಿಟ್ಟು, ಮಗಳ ಜೊತೆ ಇರಲು ನವಿ ಮುಂಬಯಿಗೆ ಹೋದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಮೊನ್ನೆ ಅವರು ತೀರಿಕೊಂಡಾಗ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಸೆಕ್ರೆಟರಿ ಇನ್ನಿಲ್ಲ’ ಎಂದು ಹಾಕಿದರು. ಈಗಿನ ಸೆಕ್ರೆಟರಿ, ಮೂರನೆಯ ಮಹಡಿಯ ಗುಜರಾತಿ, ಗಾಬರಿಯಾಗಿ ‘ಮೈ ತೋ ಝಿಂದಾ ಹೂಂ’ ಎಂದು ಉತ್ತರ ಬರೆದರು. ಅದಕ್ಕೆ ನನ್ನ ಅಮ್ಮ, ‘ಇವರಲ್ಲ, ನಿಜವಾದ ಸೆಕ್ರೆಟರಿ’ ಎಂದರು. ಅಮ್ಮನಿಗೆ ಟೈಪ್ ಮಾಡಲು ಬಾರದ್ದು ಆ ಗುಜರಾತಿಯ ಪುಣ್ಯ.

ನಮ್ಮ ಸೆಕ್ರೆಟರಿ ಕುಳ್ಳಗೆ, ಗುಂಡಗೆ ಇದ್ದರು. ಬಿಳಿ ಸಫಾರಿ. ಸೊಂಟದಲ್ಲಿ ಪಂಪ್ ರೂಮು, ಟೆರೇಸು, ಮೀಟರ್ ಬಾಕ್ಸುಗಳ ಬೀಗದ ಕೈಗಳ ಗೊಂಚಲು. ಮೆಟ್ಟಿಲು ಹತ್ತಿದರೆ ಎತ್ತಿನ ಗಾಡಿ ಬಂದಂತೆ ಸದ್ದು. ಸ್ವರ ಮಾತ್ರ ಆ ದೇಹದ ಅಳತೆಯದ್ದಲ್ಲ. ಬೆಳಿಗ್ಗೆ ಕೆಳಗಿನ ಅಂಗಳದಲ್ಲಿ ನಿಂತು, ‘ಪಾಣಿ ಆಲಂ! ಪಾನಿ ಆಯಾ! ನೀರು ಬಂತು! ನೀರ್ ಬತ್ತ್‌ಂಡ್!’ ಎಂದು ಮರಾಠಿ, ಹಿಂದಿ, ಕನ್ನಡ, ತುಳು ನಾಲ್ಕರಲ್ಲೂ ಕೂಗುತ್ತಿದ್ದರು. ತುಳು ಗೊತ್ತಿದ್ದದ್ದು ನಮ್ಮ ಮನೆಗೆ ಮಾತ್ರ. ಅದನ್ನು ನಮಗೋಸ್ಕರವೇ ಕೂಗುತ್ತಾರೆ ಎಂದು ಅಪ್ಪನಿಗೆ ಬಹಳ ಹೆಮ್ಮೆ.

ಅವರ ಊರು ಉಡುಪಿಯ ಕಡೆ, ನಮ್ಮ ಹಾಗೆಯೇ. ಹೆಂಡತಿ ಗದಗದ ಕಡೆಯವರು. ಇಬ್ಬರದೂ ತಲೆಮಾರುಗಳಿಂದ ಕ್ರಿಶ್ಚಿಯನ್ ಮನೆತನ. ಪ್ರತಿ ಭಾನುವಾರ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ, ಒಂದು ಶಾಲೆಯ ಹಾಲಿನಲ್ಲಿ ಕನ್ನಡ ಆರಾಧನೆ ನಡೆಯುತ್ತಿತ್ತು. ಸೆಕ್ರೆಟರಿ ಒಂದು ವಾರವೂ ತಪ್ಪಿಸಿದವರಲ್ಲ. ಹೆಂಡತಿಯನ್ನು ಒಳಗೆ ಕೂರಿಸಿ, ಮೊದಲ ಕೀರ್ತನೆಯನ್ನು ಎಲ್ಲರಿಗಿಂತ ಜೋರಾಗಿ ಹಾಡಿ, ಪಾದ್ರಿ ಅಯ್ಯನವರು ಪ್ರಸಂಗಕ್ಕೆ ಗಂಟಲು ಸರಿಮಾಡಿಕೊಂಡ ಕೂಡಲೇ ಹೊರಗೆ ಬರುತ್ತಿದ್ದರು. ಶಾಲೆಯ ಅಂಗಳದ ಬಾದಾಮಿ ಮರದ ಕೆಳಗೆ ಅವರಂಥವರದೇ ಒಂದು ಗುಂಪು. ಅಲ್ಲಿ ಕ್ರಿಕೆಟ್ಟು, ಲೋಕಲ್ ರೈಲಿನ ಮೆಗಾ ಬ್ಲಾಕು, ಯಾರ ಮಗನಿಗೆ ದುಬೈ ವೀಸಾ. ಕೊನೆಯ ಕೀರ್ತನೆ ಶುರುವಾದಾಗ ಪುನಃ ಒಳಗೆ. ‘ಮೊದಲೂ ಇರಬೇಕು, ಕೊನೆಗೂ ಇರಬೇಕು ಮಾರಾಯ. ನಡುವೆ ಎಂತ ಆಗ್ತದೆ ಅಂತ ಯಾರು ನೋಡ್ತಾರೆ?’ ಎಂದು ಅವರು ನನಗೆ ಒಮ್ಮೆ ಹೇಳಿದ್ದರು.

ಅವರ ಬಳಿ ಒಂದು ಪ್ರಾರ್ಥನೆ ಇತ್ತು. ಒಂದೇ. ಚಿಕ್ಕಂದಿನಲ್ಲಿ ಅಜ್ಜಿ ಬಾಯಿಪಾಠ ಮಾಡಿಸಿದ್ದು. ಬಿಲ್ಡಿಂಗಿನಲ್ಲಿ ಏನೇ ನಡೆಯಲಿ, ಭಟ್ಟರ ಪೂಜೆ ಮುಗಿದ ಮೇಲೆ, ‘ಸೆಕ್ರೆಟರಿ, ಆಪ್ ಭೀ ಕುಛ್ ಬೋಲಿಯೇ’ ಎಂದು ಯಾರಾದರೂ ಅನ್ನುತ್ತಿದ್ದರು. ಅವರು ಕಣ್ಣು ಮುಚ್ಚಿ, ‘ದಯಾಪರನಾದ ತಂದೆಯೇ’ ಎಂದು ಗುಡುಗಿ, ನಂತರ ಚಿಕ್ಕ ಸ್ಟೇಷನ್ನುಗಳಲ್ಲಿ ನಿಲ್ಲದ ಫಾಸ್ಟ್ ಲೋಕಲಿನ ಹಾಗೆ ಹೊರಟು ಒಂದೇ ಉಸಿರಿಗೆ ‘ಆಮೆನ್’ ತಲುಪುತ್ತಿದ್ದರು. ಮೊದಲು ಮತ್ತು ಕೊನೆ ಮಾತ್ರ ಕೇಳಿಸುತ್ತಿತ್ತು. ಹೊಸ ಪಂಪ್ ಕೂತಾಗ ಅದೇ, ವಾಚ್‌ಮನ್ನನ ಮಗಳ ಮದುವೆಗೆ ಅದೇ, ಲಿಫ್ಟ್ ರಿಪೇರಿಯಾದಾಗಲೂ ಅದೇ. ಎಲ್ಲರಿಗೂ ಅದರ ಮೇಲೆ ಒಂದು ಬಗೆಯ ನಂಬಿಕೆ. ಪಂಪ್ ಚೆನ್ನಾಗಿಯೇ ಓಡುತ್ತಿತ್ತು.

ನನಗೆ ಠಾಣೆಯ ವರ್ತಕ ನಗರದ ಒಂದು ಆಫೀಸಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿದ ವರ್ಷ ಅಮ್ಮನಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು ಎಂದರು. ಕಲ್ಲಿನ ಜೊತೆಗೆ ಇನ್ನೇನೋ ಕಾಣಿಸುತ್ತಿದೆ, ತೆರೆದು ನೋಡಿದ ಮೇಲೆಯೇ ಹೇಳಬಹುದು ಎಂದು ಠಾಣೆಯ ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಆಪರೇಶನ್ನಿನ ಬೆಳಿಗ್ಗೆ ಸೆಕ್ರೆಟರಿ ಆಸ್ಪತ್ರೆಗೆ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತು, ‘ಎಂತ ಅಕ್ಕ, ಹೇಗುಂಟು!’ ಎಂದರು. ನಿದ್ದೆಯಲ್ಲಿದ್ದವರೆಲ್ಲ ಎದ್ದು ಕೂತರು. ಕೇರಳದ ನರ್ಸು ಓಡಿಬಂದು, ‘ಧೀರೇ, ಅಂಕಲ್, ಧೀರೇ! ಯೇ ಹಾಸ್ಪಿಟಲ್ ಹೈ’ ಎಂದು ಗದರಿಸಿದಳು. ಅವರು ಕಿವಿ ಮುಟ್ಟಿಕೊಂಡು ಕ್ಷಮೆ ಕೇಳಿ, ಮಂಚದ ಪಕ್ಕ ನಿಂತು, ಅಮ್ಮನಿಗೋಸ್ಕರ ಒಂದು ಪ್ರಾರ್ಥನೆ ಮಾಡಲೇ ಎಂದರು. ‘ಮಾಡಿ, ಯಾವ ದೇವರಾದರೂ ಆದೀತು,’ ಎಂದರು ಅಮ್ಮ.

ನರ್ಸು ಅಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರಿಂದ ಅವರು ಮೆಲ್ಲಗೆ ಹೇಳಬೇಕಾಯಿತು. ಮೆಲ್ಲಗೆ ಹೇಳುವಾಗ ಓಡಲು ಆಗುವುದಿಲ್ಲ. ಹಾಗಾಗಿ ಆ ಪ್ರಾರ್ಥನೆಯ ಒಳಗಿನ ಮಾತುಗಳು ನಮ್ಮ ಕಿವಿಗೆ ಬಿದ್ದದ್ದು ಅದೇ ಮೊದಲು; ಬಹುಶಃ ಅವರ ಕಿವಿಗೂ. ‘ದಯಾಪರನಾದ ತಂದೆಯೇ, ನಮ್ಮ ಮುಂದೆ ಇಟ್ಟಿರುವ ಈ ಆಹಾರಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ಇದು ನಮ್ಮ ಶರೀರಗಳಿಗೆ ಪುಷ್ಟಿಯಾಗುವಂತೆ...’

ಅಮ್ಮ ಕಣ್ಣು ತೆರೆದರು.

‘ಸೆಕ್ರೆಟರಿಯವರೇ, ಆಹಾರ ಎಲ್ಲುಂಟು?’ ಎಂದು ತುಳುವಿನಲ್ಲಿ ಕೇಳಿದರು. ‘ನನಗೆ ನಿನ್ನೆಯಿಂದ ಒಂದು ಗುಟುಕು ನೀರು ಇಲ್ಲ. ಇಲ್ಲಿ ಬಡಿಸಿಟ್ಟದ್ದು ಅಂತ ಇದ್ದರೆ ನಾನೊಬ್ಬಳೇ.’

ಅಪ್ಪ ಕೆಮ್ಮಿದರು. ನಾನು ಗೋಡೆಯ ಕಡೆ ತಿರುಗಿದೆ. ಸೆಕ್ರೆಟರಿ ಕಣ್ಣು ಬಿಟ್ಟರು. ‘ಅಯ್ಯೋ ದೇವರೇ,’ ಎಂದರು, ‘ಇದು ಊಟದ ಪ್ರಾರ್ಥನೆ.’ ಹೇಳಿ ಸ್ಟೂಲಿನ ಮೇಲೆ ಕುಸಿದರು. ಮದುವೆ, ಪಂಪು, ಲಿಫ್ಟು, ಎಲ್ಲವೂ ಒಂದೊಂದಾಗಿ ನೆನಪಾಗುತ್ತಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

‘ಬೇರೆ ಯಾವುದೂ ಇಲ್ವಾ ನಿಮ್ಮಲ್ಲಿ?’

‘ಇಲ್ಲ ಅಕ್ಕ.’

‘ಹಾಗಾದರೆ ನಿಮ್ಮದೇ ಎಂತಾದರೂ ಹೇಳಿ. ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಈಗ ಬರ್ತಾರೆ.’

ಅವರು ಪುನಃ ಎದ್ದು ಕಣ್ಣು ಮುಚ್ಚಿದರು. ನಾಲ್ಕು ಭಾಷೆಗಳಲ್ಲಿ ನೀರು ಕೂಗುವ ಮನುಷ್ಯನ ತುಟಿ ಸುಮ್ಮನೆ ಅಲುಗಿತು. ನರ್ಸಿಗೂ ಪಾಪ ಅನಿಸಿರಬೇಕು, ಸೊಂಟದಿಂದ ಕೈ ಇಳಿಸಿದಳು. ಕೊನೆಗೆ ತೀರಾ ಸಣ್ಣ ಸ್ವರದಲ್ಲಿ, ‘ಸ್ವಾಮಿ, ಇವರಿಗೆ ಹೆದರಿಕೆ ಆಗ್ತಾ ಉಂಟು. ನನಗೂ ಆಗ್ತಾ ಉಂಟು. ನೀನು ಇದ್ದರೆ ಇಲ್ಲಿ ಇರು,’ ಎಂದರು. ಆಮೆನ್ ಹೇಳುವುದು ಮರೆತೇಹೋಯಿತು.

‘ಇದು ಸರಿ ಉಂಟು,’ ಎಂದರು ಅಮ್ಮ. ಅಷ್ಟರಲ್ಲಿ ಸ್ಟ್ರೆಚರ್ ಬಂತು.

ಕಲ್ಲಿನ ಜೊತೆ ಕಂಡದ್ದು ಇನ್ನೊಂದು ಕಲ್ಲೇ ಆಗಿತ್ತು. ಅಮ್ಮ ಗುಣವಾದರು. ಅದರ ಯಶಸ್ಸನ್ನು ಅವರು ಡಾಕ್ಟರಿಗೆ, ಕೊಲ್ಲೂರಿನ ದೇವಿಗೆ ಮತ್ತು ಸೆಕ್ರೆಟರಿಗೆ ಹಂಚಿದರು, ಇದೇ ಕ್ರಮದಲ್ಲಿ. ಸೆಕ್ರೆಟರಿ ಮಾತ್ರ ತಮ್ಮ ಪಾಲನ್ನು ತೆಗೆದುಕೊಳ್ಳಲಿಲ್ಲ. ಒಂದು ಸಂಜೆ ಠಾಣೆಯಿಂದ ವಾಪಸು ಬರುವ ರೈಲಿನಲ್ಲಿ ನನ್ನ ಪಕ್ಕ ನಿಂತು, ಕೈಗಡಿಯಾರದ ಪಟ್ಟಿಯನ್ನು ತಿರುಗಿಸುತ್ತಾ ಹೇಳಿದರು: ‘ಗುಣ ಆದದ್ದು ಡಾಕ್ಟರರಿಂದ. ಅದಲ್ಲ ವಿಷಯ. ಆ ದಿವಸ ನಾನು ಹೇಳಿದ್ದನ್ನು ಯಾರೋ ಕೇಳಿಸಿಕೊಂಡ ಹಾಗೆ ಆಯ್ತು. ಇಷ್ಟು ವರ್ಷ ನಾನು ಯಾರೂ ಇಲ್ಲದ ಮನೆಗೆ ಫೋನ್ ಮಾಡ್ತಾ ಇದ್ದೆ. ಈಗ ಆಚೆಯಿಂದ ಯಾರೋ ಎತ್ತಿದ್ದಾರೆ. ನನಗೆ ಎಂತ ಮಾತಾಡುವುದು ಅಂತ ಗೊತ್ತಾಗುವುದಿಲ್ಲ ಮಾರಾಯ!’

ಮುಂದಿನ ಭಾನುವಾರ ಪ್ರಸಂಗ ಶುರುವಾದಾಗ ಅವರು ಹೊರಗೆ ಬರಲಿಲ್ಲ. ಬಾದಾಮಿ ಮರದ ಗುಂಪು ಅವರಿಗೆ ಮೈ ಸರಿಯಿಲ್ಲ ಎಂದುಕೊಂಡಿತು. ಅವರು ಮುಂದಿನ ಬೆಂಚಿನಲ್ಲಿ ಕೂತು, ಅಯ್ಯನವರ ಬಾಯಿಯನ್ನೇ ನೋಡುತ್ತಾ, ನಡುವೆ ಕೈ ಎತ್ತಿದರಂತೆ. ಆ ಸಭೆಯಲ್ಲಿ ಪ್ರಸಂಗದ ನಡುವೆ ಕೈ ಎತ್ತಿದವರು ಯಾರೂ ಇರಲಿಲ್ಲ. ಅಯ್ಯನವರು ಫ್ಯಾನಿನ ಬಗ್ಗೆ ಇರಬೇಕೆಂದು ಮೇಲೆ ನೋಡಿದರು.

‘ಅಯ್ಯನವರೇ, ಈಗ ನೀವು ಹೇಳಿದ್ದು ನಿಜವಾ?’

‘ಯಾವುದು?’

‘ಎಲ್ಲ.’

ಅಯ್ಯನವರು ಕನ್ನಡಕ ತೆಗೆದು ಒರೆಸಿ, ಆರಾಧನೆ ಮುಗಿದ ಮೇಲೆ ಮಾತಾಡೋಣ ಎಂದರು. ಮಾತಾಡಿದರು ಕೂಡ, ಶಾಲೆಯ ವಾಚ್‌ಮನ್ ಬೀಗದ ಕೈ ಅಲ್ಲಾಡಿಸುತ್ತಾ ಎದುರು ಬಂದು ನಿಲ್ಲುವ ತನಕ. ಹಸಿವಾಗಿ ಕೂತಿದ್ದ ಸೆಕ್ರೆಟರಿಯ ಹೆಂಡತಿ ಈ ಕತೆಯನ್ನು ಮರುದಿನ ನಮ್ಮ ಅಡುಗೆಮನೆಗೆ ಬಂದು ಅಮ್ಮನಿಗೆ ಹೇಳಿದರು. ಅವರು ಬಂದದ್ದು ದೂರು ಕೊಡಲು.

‘ಅಕ್ಕಾರ, ಇವ್ರಿಗೆ ಏನೋ ಆಗೇದ್ರೀ. ಮುಂಜಾನೆ ಎದ್ದು ಒಬ್ರ ಕುಂತು ಓದ್ತಾರ. ನಿನ್ನೆ ತಾಟ ತೊಳದ್ರು. ನಾ ಒಂದು ಮಾತ ಅಂದ್ರ ತಿರುಗಿ ಅನ್ನಂಗಿಲ್ಲ. ಬಿ.ಪಿ. ಚೆಕ್ ಮಾಡಸ್ಲೇನ್ರೀ?’

ಪಕ್ಕದ ಬಿಲ್ಡಿಂಗಿನವರೆಗೂ ಸುದ್ದಿ ಹೋಯಿತು. ಅಪ್ಪ ಆಗ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಒಂದು ಸಂಜೆ ಮನೆಗೆ ಬಂದು, ಚಪ್ಪಲಿ ಕಳಚುವ ಮೊದಲೇ, ‘ಕೇಳಿದ್ರಾ? ಸೆಕ್ರೆಟರಿ ಕನ್ವರ್ಟ್ ಆದರಂತೆ,’ ಎಂದರು.

‘ಎಂತದಕ್ಕೆ?’ ಎಂದರು ಅಮ್ಮ.

‘ಕ್ರಿಶ್ಚಿಯನ್.’

‘ಅವರು ಮೊದಲು ಎಂತ ಇದ್ದದ್ದು?’

ಅಪ್ಪ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತು ಯೋಚಿಸಿದರು. ‘ಕ್ರಿಶ್ಚಿಯನ್ನೇ.’

‘ಮತ್ತೆ?’

‘ಅದೇ ನನಗೂ ಅರ್ಥ ಆಗುವುದಿಲ್ಲ.’

ಅಮ್ಮನಿಗೆ ಅರ್ಥವಾಗಿತ್ತು. ಆದರೆ ವಿವರಿಸಲಿಲ್ಲ, ಚಹಾ ಇಟ್ಟರು.

ಹೊಸದಾಗಿ ಸೈಕಲ್ ಕಲಿತವರು ಎಲ್ಲಿಗೆ ಹೋಗುವುದಿದ್ದರೂ ಸೈಕಲ್ ತೆಗೆಯುವಂತೆ ಸೆಕ್ರೆಟರಿ ಕೆಲವು ತಿಂಗಳು ಸತ್ಯ ಹೇಳಿದರು. ಒಂದು ದಿನ ನೋಟೀಸ್ ಬೋರ್ಡಿನಲ್ಲಿ ಅವರ ಕೈಬರಹದ ಚೀಟಿ: ‘ನಿನ್ನೆ ನೀರು ಬಾರದ್ದು ಮೋಟರ್ ಕೆಟ್ಟು ಅಲ್ಲ. ನಾನು ಮಲಗಿಬಿಟ್ಟೆ. ಹಿಂದೆ ಮೋಟರ್ ಕೆಟ್ಟಿದೆ ಎಂದು ಹೇಳಿದ ಹೆಚ್ಚಿನ ದಿನಗಳಲ್ಲೂ ಮಲಗಿದ್ದೆ.’ ಗಣೇಶೋತ್ಸವದಲ್ಲಿ ಮೊದಲನೆಯ ಮಹಡಿಯ ಕುಲಕರ್ಣಿ ಕಾಕು ಹಾಡಿ ಮುಗಿಸಿ, ‘ಹೇಗಿತ್ತು?’ ಎಂದು ಕೇಳಿದರು. ಸೆಕ್ರೆಟರಿ ಬಹಳ ಹೊತ್ತು ಗಡಿಯಾರದ ಪಟ್ಟಿ ತಿರುಗಿಸಿ, ‘ಸೀರೆ ಚೆನ್ನಾಗಿದೆ,’ ಎಂದರು. ಕಾಕು ಆ ವರ್ಷವಿಡೀ ಮಾತಾಡಲಿಲ್ಲ. ಕೊನೆಗೆ ಅಯ್ಯನವರೇ ಡೊಂಬಿವಲಿಗೆ ಬಂದು, ‘ಸತ್ಯ ಬೇಕು, ಒಪ್ಪಿದೆ. ಯಾರೂ ಕೇಳದಿದ್ದರೂ ಹೋಗಿ ಹೇಳಬೇಕು ಅಂತ ಇಲ್ಲ,’ ಎಂದು ಸಮಾಧಾನ ಹೇಳಿ ಹೋದರು.

ಅವರಿಗೆ ನಿಜವಾಗಿ ಕಷ್ಟವಾದದ್ದು ರೈಲಿನಲ್ಲಿ. ಬೆಳಿಗ್ಗೆ ಕಲ್ಯಾಣದಿಂದ ಬರುವ ನಮ್ಮ ಲೋಕಲಿನಲ್ಲಿ ಒಂದು ಭಜನಾ ಮಂಡಳಿ ಇತ್ತು. ಅದಕ್ಕೆ ಸೇರಿದವರಿಗೆ ಹಿಂದಿನ ಸ್ಟೇಷನ್ನಿನಿಂದಲೇ ಸೀಟು ಹಿಡಿದಿಡುತ್ತಿದ್ದರು. ಡೊಂಬಿವಲಿಯಲ್ಲಿ ಹತ್ತುವವನಿಗೆ ಕಾಲಿಡಲು ಜಾಗ ಸಿಕ್ಕುವುದೇ ಕಷ್ಟ. ಸೀಟು ಎಂದರೆ ರಾಜಯೋಗ. ಸೆಕ್ರೆಟರಿ ಆ ಮಂಡಳಿಯಲ್ಲಿ ವರ್ಷಗಟ್ಟಲೆ ತಾಳ ಹಾಕಿ, ಎಲ್ಲರಿಗಿಂತ ಜೋರಾಗಿ ವಿಠ್ಠಲನನ್ನು ಕರೆದು, ಠಾಣೆಯ ತನಕ ಆರಾಮವಾಗಿ ಕೂತು ಹೋಗುತ್ತಿದ್ದರು. ಒಂದು ಸೋಮವಾರ ಅವರು ತಾಳವನ್ನು ಮಂಡಳಿಯ ಮುಖ್ಯಸ್ಥ ಬುವಾನ ಕೈಗೆ ಕೊಟ್ಟು ಎದ್ದು ನಿಂತರು. ಬುವಾ ಠಾಣೆಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ದಪ್ಪ ಮೀಸೆ, ಹಣೆಯಲ್ಲಿ ವಿಠ್ಠಲನ ಭಕ್ತರು ಇಡುವ ಕಪ್ಪು ಬುಕ್ಕ.

‘ಕಾಯ್ ಝಾಲಂ, ಸೆಕ್ರೆಟರಿ?’ ಏನಾಯಿತು ಎಂದು ಕೇಳಿದ.

‘ಬುವಾ, ಮೈ ಝೂಠಾ ಗಾತಾ ಥಾ,’ ಎಂದರು ಇವರು. ಚರ್ಚಿನಲ್ಲೂ ಸುಳ್ಳೇ ಹಾಡುತ್ತಿದ್ದೆ, ಇಲ್ಲೂ ಸುಳ್ಳೇ ಹಾಡುತ್ತಿದ್ದೆ. ಈಗ ಅಲ್ಲಿ ನಿಜವಾಗಿ ಹಾಡಲು ಶುರುಮಾಡಿದ್ದೇನೆ, ಆದ್ದರಿಂದ ಇಲ್ಲಿ ಸೀಟಿಗೋಸ್ಕರ ಹಾಡಿದರೆ ನಿಮ್ಮ ದೇವರಿಗೆ ಅವಮಾನ ಎಂದು ತಮ್ಮ ಹರಕು ಹಿಂದಿಯಲ್ಲಿ ವಿವರಿಸಿದರು.

ಬುವಾ ನಕ್ಕುಬಿಟ್ಟ. ‘ಅರೇ, ಸಬ್ ಝೂಠಾ ಗಾತೇ ಹೈ! ಸಚ್ಚಾ ಗಾಯೇಗಾ ತೋ ಠಾಣಾ ಮೇ ಉತರೇಗಾ ಕೌನ್?’ ನಿಜವಾಗಿ ಹಾಡಿದರೆ ಠಾಣೆಯಲ್ಲಿ ಇಳಿದು ಕೆಲಸಕ್ಕೆ ಹೋಗುವವರು ಯಾರು ಎಂದು. ಇಡೀ ಬೋಗಿ ನಕ್ಕಿತು. ಸೆಕ್ರೆಟರಿಯೂ ನಕ್ಕರು. ಆದರೆ ಕೂರಲಿಲ್ಲ. ಅಂದಿನಿಂದ ನನ್ನ ಜೊತೆ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ, ಯಾರದೋ ಬ್ಯಾಗು ಮುಖಕ್ಕೆ ಒತ್ತಿಕೊಂಡು, ಕುಳ್ಳಗಿದ್ದದ್ದರಿಂದ ಗಾಳಿಗೂ ಗತಿಯಿಲ್ಲದೆ ನಿಲ್ಲುತ್ತಿದ್ದರು. ‘ದೇವರು ಸಿಕ್ಕಿದ ಮಾರಾಯ, ಸೀಟು ಹೋಯ್ತು,’ ಎಂದು ಯಾರದೋ ಕಂಕುಳಿನ ಕೆಳಗಿನಿಂದ ಹೇಳುತ್ತಿದ್ದರು. ಒಂದು ವಾರದ ಮೇಲೆ ಬುವಾ ಜನರ ನಡುವೆ ತೂರಿಕೊಂಡು ನಮ್ಮ ಹತ್ತಿರ ಬಂದ. ನೀನು ನನ್ನ ನೆಮ್ಮದಿ ಹಾಳುಮಾಡಿದೆ ಎಂದ. ಈಗ ಪ್ರತಿ ಅಭಂಗ ಎತ್ತುವಾಗಲೂ ಇದು ನಿಜವಾ ಸುಳ್ಳಾ ಅಂತ ತಲೆಗೆ ಬರುತ್ತದಂತೆ. ಹೇಳಿ, ಜೇಬಿನಿಂದ ತಂಬಾಕು ತೆಗೆದು, ಯೋಚಿಸಿ, ಪುನಃ ಜೇಬಿಗೆ ಹಾಕಿಕೊಂಡು ಹೋದ.

ಹಾಗೆ ನಿಂತು ಹೋಗುತ್ತಿದ್ದಾಗಲೇ ಅವರು ನನಗೆ ತಮ್ಮನ ವಿಷಯ ಹೇಳಿದ್ದು. ಬದಲಾಪುರದಲ್ಲಿ ಅವರಿಗೆ ಒಬ್ಬ ತಮ್ಮ ಇದ್ದಾನೆಂದು ಆ ತನಕ ನಮಗೆ ಗೊತ್ತೇ ಇರಲಿಲ್ಲ. ಅವರ ತಾಯಿ ತೀರಿಕೊಂಡದ್ದು ಆ ತಮ್ಮನ ಮನೆಯಲ್ಲಿ. ಮಣ್ಣು ಮಾಡುವಾಗ ಅಯ್ಯನವರ ರೈಲು ತಡವಾಯಿತು. ಅವರು ಬರುವ ತನಕ ಹಿರಿಯ ಮಗ ಒಂದು ಪ್ರಾರ್ಥನೆ ಮಾಡಲಿ ಎಂದರು. ಇವರು ಮಾಡಿದರು. ಪಕ್ಕದಲ್ಲಿದ್ದ ತಮ್ಮನಿಗೆ ಮಾತುಗಳು ಕೇಳಿಸಿದವು. ‘ಅಮ್ಮನ ಹೆಣದ ಮೇಲೆ ಊಟದ ಪ್ರಾರ್ಥನೆ ಹೇಳ್ತೀಯಾ?’ ಎಂದು ಅಲ್ಲೇ ಜಗಳ. ತಾವು ಹೇಳುವುದನ್ನು ತಾವೇ ಎಂದೂ ಕೇಳಿಸಿಕೊಂಡಿರದ ಇವರಿಗೆ ಆಗ ಅದು ನಂಬಿಕೆಯಾಗಲಿಲ್ಲ; ಕುಡಿದು ಏನೇನೋ ಹೇಳುತ್ತಾನೆ ಎಂದು ಎಲ್ಲರಿಗೂ ಹೇಳಿ ಬಂದರು. ಮತ್ತೆ ಮಾತಿಲ್ಲ.

‘ಅವನು ಕುಡಿದಿರಲಿಲ್ಲ,’ ಎಂದರು ಸೆಕ್ರೆಟರಿ. ಆಗ ಅವರು ಗಡಿಯಾರದ ಪಟ್ಟಿ ತಿರುಗಿಸಲಿಲ್ಲ; ಕೈಯೆತ್ತಲು ಜಾಗ ಇರಲಿಲ್ಲ. ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲೂ ಆಗದೆ, ಅವರು ಹಾಗೆಯೇ ಮುಂಬ್ರಾ ಸ್ಟೇಷನ್ ದಾಟಿದರು.

ಶನಿವಾರಗಳಂದು ಬದಲಾಪುರಕ್ಕೆ ಹೋಗಲು ಶುರುಮಾಡಿದರು. ಈ ಎಲ್ಲದರ ಮೂಲ ತನ್ನ ಪಿತ್ತಕೋಶವೇ ಎಂದು ಅಮ್ಮನಿಗೆ ಅನಿಸಿದ್ದರಿಂದ, ಪತ್ರೊಡೆಯ ಡಬ್ಬಿ ಕೊಟ್ಟು ನನ್ನನ್ನೂ ಜೊತೆಗೆ ಕಳಿಸಿದರು. ತಮ್ಮನ ಮನೆಗೆ ಕಬ್ಬಿಣದ ಸರಳಿನ ಹೊರಬಾಗಿಲು. ಬೆಲ್ ಒತ್ತಿದರೆ ಒಳಗಿನಿಂದ ಅಣ್ಣನದೇ ಅಳತೆಯ ಸ್ವರ:

‘ಯಾರು?’

‘ನಾನು.’

‘ನಾನು ಮನೆಯಲ್ಲಿ ಇಲ್ಲ.’

‘ಆಯ್ತು. ನೀನು ಬಂದ ಮೇಲೆ ಹೇಳು, ಅಣ್ಣ ಬಂದಿದ್ದ ಅಂತ.’

‘ಹೇಳ್ತೇನೆ.’

ಇಷ್ಟೇ ಮಾತುಕತೆ. ಸರಳಿನ ನಡುವಿನಿಂದ ಒಂದು ಕೈ ಬಂದು ಪತ್ರೊಡೆಯ ಡಬ್ಬಿಯನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತಿತ್ತು. ಮುಂದಿನ ವಾರ ತೊಳೆದ ಡಬ್ಬಿ ಬಾಗಿಲ ಹೊರಗೆ ಕಾದಿರುತ್ತಿತ್ತು. ಬರುವ ದಾರಿಯಲ್ಲಿ ಸೆಕ್ರೆಟರಿ ಖುಷಿಯಾಗಿಯೇ ಇರುತ್ತಿದ್ದರು. ‘ತೊಳೆದಿಟ್ಟಿದ್ದಾನೆ ನೋಡು! ಸಿಟ್ಟು ಇದ್ದವನು ಡಬ್ಬಿ ತೊಳೀತಾನಾ?’

ಒಂದು ಶನಿವಾರ ಮಳೆ ಹೊಯ್ದು ಹಳಿಯ ಮೇಲೆ ನೀರು ನಿಂತಿತು. ನಾವು ಬದಲಾಪುರ ತಲುಪಿದ ಮೇಲೆ ಹಿಂದೆ ಹೋಗುವ ರೈಲುಗಳೆಲ್ಲ ನಿಂತವು. ಒದ್ದೆ ಕೋಳಿಗಳ ಹಾಗೆ ಆ ಬಾಗಿಲ ಮುಂದೆ ನಿಂತೆವು. ‘ನಾನು ಮನೆಯಲ್ಲಿ ಇಲ್ಲ’ ಆಯಿತು. ‘ಆಯ್ತು’ ಆಯಿತು. ಆದರೆ ನಾವು ಹೋಗಲಿಲ್ಲ.

‘ಮತ್ತೆ ಯಾಕೆ ನಿಂತಿದ್ದೀ?’

‘ಲೋಕಲ್ ಬಂದ್ ಉಂಟು.’

ಬಾಗಿಲು ತೆರೆಯಿತು. ಸೆಕ್ರೆಟರಿಯ ಹಾಗೆಯೇ ಕುಳ್ಳಗೆ, ಗುಂಡಗೆ, ಲುಂಗಿ ಉಟ್ಟ ಒಬ್ಬ ಮನುಷ್ಯ. ‘ಲೋಕಲ್ ಬಂದ್ ಆದದ್ದಕ್ಕೆ ತೆಗೆದದ್ದು. ಬೇರೆ ಎಂತ ಅಲ್ಲ,’ ಎಂದು ಟವೆಲ್ ಎಸೆದರು.

ಸೆಕ್ರೆಟರಿ ಟವೆಲನ್ನು ಕೈಯಲ್ಲಿ ಹಿಡಿದೇ ನಿಂತರು. ನೀರು ತೊಟ್ಟಿಕ್ಕುತ್ತಿತ್ತು. ‘ನೀನು ಹೇಳಿದ್ದು ಸರಿ. ನಾನು ಊಟದ ಪ್ರಾರ್ಥನೆಯೇ ಹೇಳಿದ್ದು. ನನಗೆ ಬೇರೆ ಗೊತ್ತಿರಲಿಲ್ಲ. ನೀನು ಕುಡಿದಿದ್ದಿ ಅಂತ ಎಲ್ಲರಿಗೆ ಹೇಳಿದೆ. ಅದು ಸುಳ್ಳು.’

ತಮ್ಮ ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು. ಮೂರು ತಟ್ಟೆಗಳಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ನಾವು ತಂದ ಪತ್ರೊಡೆ. ಮೂವರೂ ನೆಲದ ಮೇಲೆ ಕೂತೆವು. ತಮ್ಮ ಗಂಜಿಗೆ ಕೈಹಾಕಲು ಹೋಗಿ ನಿಲ್ಲಿಸಿದರು.

‘ಹೇಳು.’

‘ಎಂತ?’

‘ನಿನ್ನ ಪ್ರಾರ್ಥನೆ. ಈಗ ಜಾಗ ಸರಿ ಉಂಟು.’

ಸೆಕ್ರೆಟರಿ ಹೇಳಿದರು. ಮೆಲ್ಲಗೆ, ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲಿಸಿ. ‘ನಮ್ಮ ಮುಂದೆ ಇಟ್ಟಿರುವ ಈ ಆಹಾರಕ್ಕಾಗಿ’ ಎಂಬಲ್ಲಿ ತಮ್ಮನ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ‘ಆ ದಿವಸ ಅಮ್ಮನಿಗೆ ಕೇಳಿಸಿದ್ದರೆ ಪೆಟ್ಟಿಗೆಯಿಂದ ಎದ್ದು ಕೂತು ನಗ್ತಿದ್ದಳು,’ ಎಂದರು. ಆಮೇಲೆ ಇಬ್ಬರೂ ಅತ್ತರು. ಗಂಜಿ ತಣ್ಣಗಾಯಿತು. ನಾನು ಮಾತ್ರ ಪತ್ರೊಡೆ ತಿಂದೆ, ಯಾರಾದರೂ ತಿನ್ನಬೇಕಿತ್ತಲ್ಲ.

ಅಣ್ಣತಮ್ಮಂದಿರು ಆಮೇಲಿನ ವರ್ಷಗಳಲ್ಲೂ ಬೇಕಾದಷ್ಟು ಜಗಳವಾಡಿದರು, ಆದರೆ ಒಂದೇ ಕೋಣೆಯಲ್ಲಿ ಕೂತು. ಸೆಕ್ರೆಟರಿ ಯಾರನ್ನೂ ತಮ್ಮ ಕಡೆಗೆ ಎಳೆಯಲು ನೋಡಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಿದ್ದರು, ಮತ್ತು ಒಮ್ಮೆ ಕೇಳಿದರೆ ನಿಲ್ಲಿಸುತ್ತಿರಲಿಲ್ಲ. ಆದ್ದರಿಂದ ಬಿಲ್ಡಿಂಗಿನಲ್ಲಿ ಯಾರೂ ಎರಡನೆಯ ಸಲ ಕೇಳಲಿಲ್ಲ. ಒಮ್ಮೆ ನವಿ ಮುಂಬಯಿಯ ಖಾರ್‌ಘರಿನ ಮಗಳ ಮನೆಯಲ್ಲಿ ನಾನು ಕೇಳಿದೆ, ಅಂದಿಗೂ ಇಂದಿಗೂ ಏನು ವ್ಯತ್ಯಾಸ ಎಂದು. ‘ಮೊದಲು ಭಾನುವಾರ ಹನ್ನೊಂದು ಗಂಟೆಗೆ ಮುಗೀತಿತ್ತು,’ ಎಂದರು. ‘ಈಗ ಮುಗಿಯುವುದೇ ಇಲ್ಲ. ಬಹಳ ಕಷ್ಟ ಮಾರಾಯ!’ ಹಾಗೆ ಹೇಳುವಾಗ ಅವರ ಮುಖದಲ್ಲಿ ಕಷ್ಟದ ಗುರುತೇ ಇರಲಿಲ್ಲ.

ಮೊನ್ನೆ ಅವರನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಮ್ಮ ಮತ್ತು ನಾನು ಅದೇ ಮಗಳ ಮನೆಯಲ್ಲಿದ್ದೆವು. ಅವರ ಹೆಂಡತಿ ಅಮ್ಮನ ಪಕ್ಕ ಸೋಫಾದಲ್ಲಿ ಕೂತಿದ್ದರು. ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ಸುಸ್ತಾಗಿ ಬಾಲ್ಕನಿಗೆ ಹೋಗಿದ್ದರು. ಅವರು ಒಮ್ಮೆಗೇ ಅಮ್ಮನ ಕೈ ಹಿಡಿದು, ಗುಟ್ಟು ಹೇಳುವವರಂತೆ ಬಗ್ಗಿದರು.

‘ಅಕ್ಕಾರ, ನನಗ ಇಬ್ರು ಗಂಡಂದ್ರು. ಗೊತ್ತದನ ನಿಮಗ?’

ಅಮ್ಮ ಗಾಬರಿಯಾಗಿ ನನ್ನ ಮುಖ ನೋಡಿದರು.

‘ಇಬ್ರೂ ಗೊರಕಿ ಹೊಡೀತಿದ್ರು. ಇಬ್ರೂ ಟಾವೆಲ್ ಹಾಸಿಗಿ ಮ್ಯಾಲೆ ಒಗೀತಿದ್ರು,’ ಎಂದರು. ನಗು ಬಂತು, ನಗುವಿನ ಜೊತೆಗೇ ಕಣ್ಣೀರೂ. ‘ಆದ್ರ ಎರಡನೇದಾಂವ ಭಾಳ ತಡಾ ಮಾಡಿ ಬಂದ್ನ್ರೀ ಅಕ್ಕಾರ. ಇನ್ನೊಂದಿಷ್ಟು ವರ್ಷ ಇರಬೇಕಿತ್ತು ಅಂವ.’